ಊರಿನ ಹೆಸರಿನಲ್ಲಿ ಉಳಿದ ನೇರಳೆ

ಮರಗಳ ಹೆಸರು ಹೊತ್ತ ಊರುಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸಬೇಕೆಂದು ಹಿಂದಿನ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆ. ಮೈಸೂರು, ಮಂಡ್ಯ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೇರಳೆಯನ್ನೇ ಕುರಿತಾಗಿದ್ದವು. ಆಷಾಢದ ಗಾಳಿಗೆ ಹಣ್ಣು ಉದುರಿ ಮರದಡಿಯ ನೆಲವೆಲ್ಲ ಕಪ್ಪುಗೆಂಪಾಗಿರುವ ಈ ದಿನಗಳಲ್ಲಿ ಅದು ಸಹಜವೇ ಆಗಿದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ಮರಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ನಂಜನಗೂಡು ತಾಲ್ಲೂಕಿನ ನೇರಳೆ ಗ್ರಾಮ. ಹೆಸರು ನೇರಳೆ ಮರದಿಂದ ಬಂದದ್ದೆಂದು ಹಿರಿಯರು ಹೇಳುತ್ತಾರೆ. ಆದರೆ ಊರಿಗೆ ಬಂದ ಅತಿಥಿಯೊಬ್ಬರು, ಇದು ‘ನೆರಳು’ ಎಂಬ ಪದದಿಂದ ಬಂದಿರಬೇಕು, ದಾರಿಹೋಕರಿಗೆ ನೆರಳಾಗಿದ್ದ ಊರು ಎಂಬ ಅರ್ಥವಿರಬೇಕು ಎಂದರು. ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಹಿರಿಯರನ್ನು ನಂಬಿ. ಅವರ ಮಾತಿಗೆ ಆಧಾರ ಅವರ ನಾಲಿಗೆಯಲ್ಲೇ ಇದೆ. ‘ನೆರಳು’ ಎಂಬ ಪದದ ಮೊದಲಕ್ಷರ ಹ್ರಸ್ವ, ‘ನೇರಳೆ’ಯ ಮೊದಲಕ್ಷರ ದೀರ್ಘ. ಈ ವ್ಯತ್ಯಾಸ ಪುಸ್ತಕದ ಕನ್ನಡಕ್ಕಿಂತ ಹಳ್ಳಿಯ ಮಾತಿನಲ್ಲಿ ಇನ್ನೂ ಸ್ಪಷ್ಟವಾಗಿದೆ. ನಮ್ಮ ಕಡೆಯ ರೈತರು ನೆರಳಿಗೆ ‘ನೆಳ್ಳು’ ಎನ್ನುತ್ತಾರೆ, ಹಣ್ಣಿಗೆ ‘ನೇರ್ಲೆಹಣ್ಣು’ ಎನ್ನುತ್ತಾರೆ. ಒಂದನ್ನು ಇನ್ನೊಂದರ ಜಾಗದಲ್ಲಿ ಎಂದೂ ಇಡುವುದಿಲ್ಲ. ಊರಿನ ಹೆಸರು ನೆರಳಿನಿಂದ ಬಂದಿದ್ದರೆ ಊರಿನವರ ಬಾಯಲ್ಲಿ ಅದು ನೆಳ್ಳಿನ ಹತ್ತಿರದ ರೂಪವನ್ನೇ ಪಡೆಯುತ್ತಿತ್ತು.

ಹಳಗನ್ನಡಕ್ಕೆ ಹೋದರೆ ಈ ಎರಡು ಪದಗಳ ನಡುವಿನ ದೂರ ಮತ್ತಷ್ಟು ಹೆಚ್ಚುತ್ತದೆ. ಅಲ್ಲಿ ನೆರಳಿನ ರೂಪ ‘ನೆೞಲ್’, ಮರದ ರೂಪ ‘ನೇಱಿಲ್’. ಇಂದು ನಾವು ಕೈಬಿಟ್ಟಿರುವ ಎರಡು ಅಕ್ಷರಗಳು, ಎಂದರೆ ೞ ಮತ್ತು ಱ, ಆ ಪದಗಳನ್ನು ಬೇರೆಬೇರೆಯಾಗಿ ಕಾಯ್ದುಕೊಂಡಿದ್ದವು. ನೆೞಲಿನ ಬಂಧು ತಮಿಳಿನ ನಿೞಲ್. ನೇರಳೆಯ ಬಂಧು ತೆಲುಗಿನ ನೇರೇಡು. ಎರಡೂ ಪದಗಳು ಬೇರೆಬೇರೆ ಬೇರಿನಿಂದ ಹೊರಟು, ಕಾಲಕ್ರಮದಲ್ಲಿ ಕಿವಿಗೆ ಹತ್ತಿರವಾದವು, ಅಷ್ಟೆ.

ಹಾಗಾದರೆ ಗೊಂದಲ ಎಲ್ಲಿಂದ ಬಂತು? ನನ್ನ ಅಭಿಪ್ರಾಯದಲ್ಲಿ ಇದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಾಮಫಲಕಗಳಿಂದ ಹುಟ್ಟಿದ ಗೊಂದಲ. ಆ ಲಿಪಿಯಲ್ಲಿ ಹ್ರಸ್ವ ದೀರ್ಘಗಳ ಭೇದ ಕಾಣುವುದಿಲ್ಲ. ಓದುವವನು ತನಗೆ ತೋಚಿದಂತೆ ಓದಿಕೊಂಡು ಆಮೇಲೆ ಅದಕ್ಕೊಂದು ಕಥೆಯನ್ನು ಹೊಂದಿಸುತ್ತಾನೆ. ಊರಿನ ಹೆಸರಿನ ಮೂಲವನ್ನು ಹುಡುಕುವವರು ಮೊದಲು ಫಲಕವನ್ನು ಬಿಟ್ಟು, ಆ ಊರಿನಲ್ಲೇ ಹುಟ್ಟಿ ಬೆಳೆದ, ವಯಸ್ಸಾದ ಹೆಣ್ಣುಮಕ್ಕಳು ಹೆಸರನ್ನು ಹೇಗೆ ಉಚ್ಚರಿಸುತ್ತಾರೆಂದು ಕೇಳಿಸಿಕೊಳ್ಳಬೇಕು. ಎರಡನೆಯದಾಗಿ ಶಾಸನಗಳನ್ನು ನೋಡಬೇಕು. ಬಿ. ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾನಿಲಯವು ಪರಿಷ್ಕರಿಸಿ ಮತ್ತೆ ಪ್ರಕಟಿಸಿದೆ. ಅವು ತಾಲ್ಲೂಕುವಾರಾಗಿಯೇ ಜೋಡಣೆಗೊಂಡಿರುವುದರಿಂದ, ನಿಮ್ಮ ತಾಲ್ಲೂಕಿನ ಭಾಗವನ್ನು ತೆರೆದು ಸುತ್ತಮುತ್ತಲ ಊರುಗಳ ಹಳೆಯ ರೂಪಗಳನ್ನು ಓದುವುದು ಯಾವ ಆಸಕ್ತ ಓದುಗರಿಗೂ ಸಾಧ್ಯವಿರುವ ಕೆಲಸ.

ನಿಮ್ಮ ಊರು ಈ ವಿಷಯದಲ್ಲಿ ಒಂಟಿಯಲ್ಲ. ಹುಣಸೂರು ತಾಲ್ಲೂಕಿನಲ್ಲಿ ನೇರಳಕುಪ್ಪೆ ಇದೆ, ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ ನೇರಳೆಕೆರೆ ಇದೆ, ಕರಾವಳಿಯಲ್ಲಿ ನೇರಳಕಟ್ಟೆ ಎಂಬ ಊರುಗಳಿವೆ. ಇವುಗಳಲ್ಲೆಲ್ಲ ಮರದ ಹೆಸರಿಗೆ ಕುಪ್ಪೆ, ಕೆರೆ, ಕಟ್ಟೆ ಎಂಬ ಬಾಲವೊಂದು ಸೇರಿದೆ. ನಿಮ್ಮ ಊರಿಗೆ ಮಾತ್ರ ಆ ಬಾಲವೂ ಇಲ್ಲ, ಮರದ ಹೆಸರೇ ಇಡಿಯಾಗಿ ಊರಿನ ಹೆಸರು. ನನಗೆ ಅದು ಬಹಳ ಇಷ್ಟವಾದ ಸಂಗತಿ.

ಪ್ರಶ್ನೆ: ನಮ್ಮ ತಾಲ್ಲೂಕಿನ ನೇರಳೆಕೆರೆಯಂತೆ ನೇರಳೆಯ ಹೆಸರಿನ ಜೊತೆಗೆ ಕೆರೆ, ಕಟ್ಟೆಗಳೇ ಏಕೆ ಬರುತ್ತವೆ? ಇದು ಆಕಸ್ಮಿಕವೇ? (ಶ್ರೀರಂಗಪಟ್ಟಣದಿಂದ)

ಉತ್ತರ: ಆಕಸ್ಮಿಕವಲ್ಲ. ನೇರಳೆ ನೀರನ್ನು ಬಯಸುವ ಮರ. ಒಣನೆಲದಲ್ಲಿಯೂ ಅದು ಬದುಕುತ್ತದೆ, ಆದರೆ ಹೊಳೆಯ ದಂಡೆ, ಹಳ್ಳದ ಅಂಚು, ಕೆರೆಯ ಹಿಂಭಾಗದ ಜೌಗು, ಇಂತಹ ಕಡೆಗಳಲ್ಲಿ ಅದರ ಬೆಳವಣಿಗೆಯೇ ಬೇರೆ. ಬುಡದಲ್ಲಿ ಕೆಲವು ವಾರ ನೀರು ನಿಂತರೂ ಅದಕ್ಕೆ ತೊಂದರೆಯಾಗುವುದಿಲ್ಲ. ಅನುಕೂಲವಾದ ಜಾಗದಲ್ಲಿ ನೂರು ಅಡಿಗಳ ಎತ್ತರಕ್ಕೆ ಏರಿ, ನೂರು ವರ್ಷಗಳಿಗೂ ಹೆಚ್ಚು ಕಾಲ ಬಾಳುತ್ತದೆ. ನಾಗರಹೊಳೆಯ ಕಾಡಿನಲ್ಲಿ ‘ಹಡ್ಲು’ ಎಂದು ಕರೆಯುವ ಜೌಗು ಹುಲ್ಲುಗಾವಲುಗಳನ್ನೂ ಅವುಗಳ ಅಂಚಿನ ತೊರೆಗಳನ್ನೂ ನೋಡಿದವರಿಗೆ, ಆ ಕಾಡಿನ ಮಗ್ಗುಲಲ್ಲಿರುವ ನೇರಳಕುಪ್ಪೆಗೆ ಆ ಹೆಸರು ಏಕೆ ಬಂದಿರಬಹುದೆಂದು ವಿವರಿಸಬೇಕಾಗಿಲ್ಲ.

ಈ ತಿಳಿವಳಿಕೆ ಬಹಳ ಹಳೆಯದು. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರನ್ನು ಪತ್ತೆಹಚ್ಚುವ ಬಗೆಯನ್ನು ಹೇಳಲು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅಲ್ಲಿ ಅವನು ಸೂಚಿಸುವ ಮರಗಳಲ್ಲಿ ನೇರಳೆಯೂ ಒಂದು. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ದಕ್ಷಿಣದ ಬದಿಯಲ್ಲಿ ಎರಡು ಆಳು ಆಳದೊಳಗೆ ಸಿಹಿನೀರು ಸಿಗುತ್ತದೆ ಎಂಬುದು ಅವನ ಮಾತು. ಅದನ್ನು ಇಂದಿನ ಕೊಳವೆಬಾವಿಯ ಕಾಲಕ್ಕೆ ಅಕ್ಷರಶಃ ಅನ್ವಯಿಸಬೇಕೆಂದು ನಾನು ಹೇಳುವುದಿಲ್ಲ. ಆದರೆ ಮರವನ್ನು ನೋಡಿ ನೀರನ್ನು ಊಹಿಸುವ ಪದ್ಧತಿ ಇತ್ತು ಎಂಬುದು ಇದರಿಂದ ಖಚಿತವಾಗುತ್ತದೆ. ನೇರಳೆ ಗುಂಪಾಗಿ ಬೆಳೆದ ತಗ್ಗನ್ನು ನೋಡಿ ನಮ್ಮ ಪೂರ್ವಿಕರು ಅಲ್ಲಿ ಏರಿ ಕಟ್ಟಿ ಕೆರೆ ಮಾಡಿದರು, ಕೆರೆಯ ಮಗ್ಗುಲಲ್ಲಿ ಊರು ಕಟ್ಟಿಕೊಂಡರು, ಕೊನೆಗೆ ಮರ ಮತ್ತು ಕೆರೆ ಎರಡನ್ನೂ ಸೇರಿಸಿ ಊರಿಗೆ ಹೆಸರಿಟ್ಟರು ಎಂದು ಊಹಿಸುವುದು ತಪ್ಪಾಗಲಾರದು.

ಈ ಕ್ರಮ ನಮ್ಮಲ್ಲಿ ಮಾತ್ರವಲ್ಲ. ತೆಲಂಗಾಣದ ಸೂರ್ಯಾಪೇಟ ಜಿಲ್ಲೆಯಲ್ಲಿ ನೇರೇಡುಚರ್ಲ ಎಂಬ ಸಣ್ಣ ಪಟ್ಟಣವಿದೆ. ನೇರೇಡು ಎಂದರೆ ನೇರಳೆ, ಚೆರುವು ಎಂದರೆ ಕೆರೆ. ಹೆಸರನ್ನು ಬಿಡಿಸಿ ನೋಡಿದರೆ ಅದು ನಿಮ್ಮ ನೇರಳೆಕೆರೆಯೇ. ಎರಡು ಊರುಗಳ ನಡುವೆ ಕೃಷ್ಣೆ ಹರಿಯುತ್ತದೆ, ಭಾಷೆಯೂ ಬೇರೆಯಾಗುತ್ತದೆ. ಆದರೂ ಮರ ಮತ್ತು ನೀರಿನ ಜೋಡಿ ಮಾತ್ರ ಹಾಗೆಯೇ ಉಳಿದಿದೆ.

ನೀರಿನೊಡನೆ ಈ ಮರದ ನಂಟು ಅದನ್ನು ಕಡಿದ ಮೇಲೂ ಮುಗಿಯುವುದಿಲ್ಲ. ನೇರಳೆಯ ಮರಮುಟ್ಟು ನೀರಿನಲ್ಲಿ ಬೇಗ ಕೊಳೆಯದು. ಉತ್ತರ ಭಾರತದಲ್ಲಿ ಬಾವಿ ತೋಡುವಾಗ ತಳದಲ್ಲಿ ನೇರಳೆ ಮರದ ಚೌಕಟ್ಟನ್ನು ಇಳಿಸಿ ಅದರ ಮೇಲೆ ಗೋಡೆ ಕಟ್ಟುವ ರೂಢಿ ಇತ್ತು.

ಪ್ರಶ್ನೆ: ಹಿಪ್ಪುನೇರಳೆ ಮತ್ತು ನೇರಳೆ ಒಂದೇ ಜಾತಿಯ ಮರಗಳೇ?

ಉತ್ತರ: ಹೆಸರು ಮಾತ್ರ ಒಂದು, ಕುಲ ಬೇರೆ. ನೇರಳೆಯದು ಸೀಬೆ, ಲವಂಗ, ನೀಲಗಿರಿಗಳ ಕುಟುಂಬ; ಅದರ ಎಲೆಯನ್ನು ಬೆರಳಿನಲ್ಲಿ ಹೊಸಕಿದರೆ ಹೊಮ್ಮುವ ಘಾಟು ವಾಸನೆಯಲ್ಲಿ ಆ ನೆಂಟಸ್ತಿಕೆ ತಿಳಿಯುತ್ತದೆ. ರೇಷ್ಮೆಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯದು ಅತ್ತಿ, ಆಲ, ಹಲಸುಗಳ ಕುಟುಂಬ. ಹಣ್ಣಿನ ಬಣ್ಣ ಒಂದೇ ಬಗೆಯದಾದ್ದರಿಂದ ಜನ ಹಳೆಯ ಹೆಸರನ್ನೇ ಹೊಸ ಗಿಡಕ್ಕೂ ಹೊಂದಿಸಿಕೊಂಡಿರಬೇಕು. ಪನ್ನೇರಳೆ ಮಾತ್ರ ನೇರಳೆಗೆ ನಿಜವಾದ ದಾಯಾದಿ. ಆದರೆ ಅದು ಆಗ್ನೇಯ ಏಷ್ಯಾದಿಂದ ನಮ್ಮ ತೋಟಗಳಿಗೆ ಬಂದದ್ದು.

ಪ್ರಶ್ನೆ: ತಮಿಳಿನಲ್ಲಿ ನೇರಳೆಗೆ ‘ನಾವಲ್’ ಎನ್ನುತ್ತಾರೆ. ಹಾಗಾದರೆ ನಮ್ಮ ನವಲಗುಂದವೂ ನೇರಳೆಯ ಊರೇ? (ಮೈಸೂರಿನಿಂದ)

ಉತ್ತರ: ಅಲ್ಲ. ಧಾರವಾಡ ಜಿಲ್ಲೆಯ ಆ ಊರು ನವಿಲುಗುಂದ, ಎಂದರೆ ನವಿಲುಗಳ ಗುಡ್ಡ. ಊರಿನ ಹೆಸರಿನ ಒಂದು ಚೂರು ಇನ್ನೊಂದು ಭಾಷೆಯ ಪದದಂತೆ ಕೇಳಿಸಿದ ಮಾತ್ರಕ್ಕೆ ಅದನ್ನು ಅಲ್ಲಿಗೆ ಜೋಡಿಸಬಾರದು. ತಮಿಳುನಾಡಿನಲ್ಲಿ ನಾವಲ್ ಮರದ ನೆನಪು ಗಟ್ಟಿಯಾಗಿ ಉಳಿದಿರುವುದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕಾವಿನಲ್ಲಿ. ಸಂಸ್ಕೃತದಲ್ಲಿ ಜಂಬು ಎಂದರೆ ನೇರಳೆ. ಅಲ್ಲಿನ ಶಿವನ ಹೆಸರೇ ಜಂಬುಕೇಶ್ವರ, ಅವನ ಸ್ಥಳವೃಕ್ಷ, ಎಂದರೆ ಆ ದೇವಾಲಯದ ಪವಿತ್ರ ಮರ, ನೇರಳೆ. ಪಂಚಭೂತಗಳಲ್ಲಿ ಆ ಕ್ಷೇತ್ರ ಪ್ರತಿನಿಧಿಸುವುದು ನೀರನ್ನು ಎಂಬುದನ್ನು, ಹಿಂದಿನ ಪ್ರಶ್ನೆ ಕೇಳಿದ ಶ್ರೀರಂಗಪಟ್ಟಣದ ಓದುಗರು ದಯವಿಟ್ಟು ಗಮನಿಸಬೇಕು.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗ ಪ್ರವಾಸದಲ್ಲಿ ಹ್ಯಾಕ್‌ಬೆರಿ ಎಂಬ ಪುಟ್ಟ ಊರಿನ ಚಿತ್ರ ಕಳುಹಿಸಿದ್ದಾನೆ. ಅದು ಒಂದು ಮರದ ಹೆಸರಂತೆ. ಅಲ್ಲಿಯೂ ನಮ್ಮಂತೆಯೇ ಊರುಗಳಿಗೆ ಮರದ ಹೆಸರಿಡುತ್ತಾರೆಯೇ? (ಮಂಡ್ಯದಿಂದ)

ಉತ್ತರ: ಹೌದು. ಹ್ಯಾಕ್‌ಬೆರಿ ಉತ್ತರ ಅಮೆರಿಕದ ನಾಡಮರ, ಸೆಲ್ಟಿಸ್ ಎಂಬ ಕುಲಕ್ಕೆ ಸೇರಿದ್ದು. ಬಟಾಣಿಕಾಳಿನಷ್ಟು ಗಾತ್ರದ ಅದರ ಹಣ್ಣು ಚಳಿಗಾಲದವರೆಗೂ ಕೊಂಬೆಯಲ್ಲೇ ಉಳಿದು ಹಕ್ಕಿಗಳಿಗೆ ಆಹಾರವಾಗುತ್ತದೆ. ಈ ಹೆಸರಿನ ಊರುಗಳು ಅರಿಜೋನಾ, ಲೂಸಿಯಾನಾ, ಟೆಕ್ಸಾಸ್ ರಾಜ್ಯಗಳಲ್ಲಿವೆ. ನಿಮ್ಮ ಮಗ ನೋಡಿದ್ದು ಬಹುಶಃ ಅರಿಜೋನಾದ್ದಿರಬೇಕು, ಏಕೆಂದರೆ ಅದು ಪ್ರವಾಸಿಗರಿಗೆ ಪ್ರಿಯವಾದ ‘ರೂಟ್ 66’ ಎಂಬ ಹಳೆಯ ಹೆದ್ದಾರಿಯ ಮೇಲಿದೆ. 1870ರ ದಶಕದಲ್ಲಿ ಬೆಳ್ಳಿಯ ಗಣಿಯ ಸುತ್ತ ಹುಟ್ಟಿದ ಆ ಊರು, ಗಣಿ ಮುಚ್ಚಿದ ಮೇಲೆ ಮತ್ತು ಹೊಸ ಹೆದ್ದಾರಿ ಬೇರೆ ದಾರಿ ಹಿಡಿದ ಮೇಲೆ ಬಹುಮಟ್ಟಿಗೆ ಬರಿದಾಯಿತು. ಆ ಹೆಸರಿಗೆ ಕಾರಣ ಒಂದು ನೀರಿನ ಚಿಲುಮೆಯ ಬಳಿ ಬೆಳೆದಿದ್ದ ಹ್ಯಾಕ್‌ಬೆರಿ ಮರ ಎಂದು ಹೇಳುತ್ತಾರೆ. ಮಳೆ ಅಪರೂಪವಾದ ಆ ಸೀಮೆಯಲ್ಲಿಯೂ ಮರದ ಗುರುತು ನೀರಿನ ಗುರುತೇ ಆಗಿತ್ತೆಂದು ತಿಳಿದಾಗ ನನಗೆ ನೇರಳೆಕೆರೆಯೇ ಕಣ್ಣ ಮುಂದೆ ಬಂದಿತು.

ಇಲ್ಲೊಂದು ಸ್ವಾರಸ್ಯವಿದೆ. ಹ್ಯಾಕ್‌ಬೆರಿಯ ಹೆಸರಿನಲ್ಲೇ ಬೆರಿ ಇದ್ದರೂ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದರ ಹಣ್ಣು ಬೆರಿಯಲ್ಲ. ಮಾವಿನಂತೆ ಒಳಗೆ ಗಟ್ಟಿ ಓಟೆಯಿರುವ ಹಣ್ಣು. ಹೆಸರಿನಲ್ಲಿ ಬೆರಿ ಇಲ್ಲದ ನೇರಳೆಯ ಹಣ್ಣು ಮಾತ್ರ ಆ ಶಾಸ್ತ್ರದ ಪ್ರಕಾರ ನಿಜವಾದ ಬೆರಿ.

ಪ್ರಶ್ನೆ: ಸಂಕಲ್ಪ ಹೇಳುವಾಗ ಬರುವ ‘ಜಂಬೂದ್ವೀಪೇ’ ಎಂಬಲ್ಲಿನ ಜಂಬೂ ನೇರಳೆಯೇ?

ಉತ್ತರ: ನೇರಳೆಯೇ. ಮೇರುವಿನ ಪಕ್ಕದ ಮಹಾವೃಕ್ಷದಿಂದ ಆನೆಯ ಗಾತ್ರದ ಹಣ್ಣುಗಳು ಬಿದ್ದು, ಅವುಗಳ ರಸ ಜಂಬೂ ನದಿಯಾಗಿ ಹರಿಯಿತೆಂದು ಪುರಾಣಗಳು ಹೇಳುತ್ತವೆ. ಆ ನದಿಯ ದಡದಲ್ಲಿ ಸಿಗುವ ಚಿನ್ನ ಜಾಂಬೂನದ. ಇಂಗ್ಲಿಷಿಗೆ ಅನುವಾದ ಮಾಡಿದ ಹಲವರು ಜಂಬೂವನ್ನು ಪನ್ನೇರಳೆ ಎಂದು ತಿಳಿದು ಬರೆದಿದ್ದಾರೆ. ಪನ್ನೇರಳೆ ಹೊರಗಿನಿಂದ ಬಂದ ಗಿಡವಾದ್ದರಿಂದ ಆ ಅನುವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಕನ್ನಡಿಗರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ ‘ಜಂಬುದೀಪಸಿ’, ಎಂದರೆ ಜಂಬೂದ್ವೀಪದಲ್ಲಿ, ಎಂಬ ಪ್ರಾಕೃತ ಪದವಿದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದ ಆ ಬರಹ ನಮ್ಮ ನಾಡಿನಲ್ಲಿ ದೊರೆತಿರುವ ಅತ್ಯಂತ ಹಳೆಯ ಬರಹಗಳಲ್ಲಿ ಒಂದು. ನಂಜನಗೂಡಿನ ಸಣ್ಣ ಊರೊಂದರ ಹೆಸರಿನಲ್ಲಿರುವ ಮರ, ಇಡೀ ದೇಶಕ್ಕೆ ಹೆಸರು ಕೊಟ್ಟ ಮರವೂ ಆಗಿ ಅಲ್ಲಿ ಕಲ್ಲಿನ ಮೇಲೆ ನಿಂತಿದೆ.

ಪ್ರಶ್ನೆ: ನೇರಳೆ ಬೀಜದ ಪುಡಿಯಿಂದ ಸಕ್ಕರೆ ಕಾಯಿಲೆ ಗುಣವಾಗುತ್ತದೆಯೇ?

ಉತ್ತರ: ಆಯುರ್ವೇದದಲ್ಲಿ ಅದನ್ನು ಬಳಸುವ ಪದ್ಧತಿ ಇದೆ. ಆದರೆ ಅದನ್ನು ನಂಬಿ ವೈದ್ಯರು ಕೊಟ್ಟಿರುವ ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ನಿಲ್ಲಿಸಬಾರದು. ಮಾತ್ರೆಯ ಜೊತೆಗೆ ಪುಡಿಯನ್ನೂ ಸೇವಿಸುವ ಯೋಚನೆ ಇದ್ದರೆ, ಸಕ್ಕರೆಯ ಮಟ್ಟ ಅತಿಯಾಗಿ ಇಳಿಯುವ ಸಾಧ್ಯತೆ ಇರುವುದರಿಂದ, ಮೊದಲು ವೈದ್ಯರಿಗೆ ತಿಳಿಸಿ.

ಪ್ರಶ್ನೆ: ಮರದ ಹೆಸರಿನ ಊರು ನಮ್ಮದು, ಆದರೆ ಈಗ ಊರಿನಲ್ಲಿ ಒಂದೂ ನೇರಳೆ ಮರವಿಲ್ಲ. ಯುವಕರೆಲ್ಲ ಸೇರಿ ಈ ಮಳೆಗಾಲದಲ್ಲಿ ನೆಡಬೇಕೆಂದಿದ್ದೇವೆ. ಎಲ್ಲಿ, ಹೇಗೆ ನೆಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ನಾನು ಓದಿದ ಶಾಲೆಯ ದಾರಿಯಲ್ಲಿ ಎರಡು ದೊಡ್ಡ ನೇರಳೆ ಮರಗಳಿದ್ದವು. ಜೂನ್ ತಿಂಗಳಲ್ಲಿ ಶಾಲೆ ಬಾಗಿಲು ತೆರೆಯುವುದೂ ಹಣ್ಣು ಬೀಳುವುದೂ ಒಟ್ಟಿಗೇ ಆಗುತ್ತಿತ್ತು. ತರಗತಿಯಲ್ಲಿ ಯಾರು ತಡವಾಗಿ ಬಂದರೂ ನಾಲಿಗೆ ಚಾಚಲು ಹೇಳಿದರೆ ಮೇಷ್ಟರಿಗೆ ಕಾರಣ ತಿಳಿದುಬಿಡುತ್ತಿತ್ತು. ರಸ್ತೆ ಅಗಲ ಮಾಡುವಾಗ ಎರಡನ್ನೂ ಒಂದೇ ದಿನ ಕಡಿದರು. ಬದಲಿಗೆ ಸಸಿ ನೆಡುವ ಮಾತು ಬಂದಿತ್ತು, ಆದರೆ ಯಾರೂ ನೆಡಲಿಲ್ಲ. ಆ ತಿರುವಿನಲ್ಲಿ ಹಾದುಹೋಗುವಾಗ ಇಂದಿಗೂ ನನಗೆ ಸಂಕಟವಾಗುತ್ತದೆ.

ಮೊದಲನೆಯ ಮಾತು ಬೀಜದ್ದು. ರಾಗಿ, ಹುರುಳಿಗಳ ಹಾಗೆ ನೇರಳೆ ಬೀಜವನ್ನು ಒಣಗಿಸಿ ಮುಂದಿನ ವರ್ಷಕ್ಕೆ ಎತ್ತಿಡಲು ಬರುವುದಿಲ್ಲ. ಒಣಗಿದರೆ ಅದು ಸಾಯುತ್ತದೆ. ಹಣ್ಣು ತಿಂದ ಮೇಲೆ ಬೀಜಕ್ಕೆ ಅಂಟಿದ ತಿರುಳನ್ನು ತೊಳೆದು, ನೆರಳಿನಲ್ಲಿಟ್ಟುಕೊಂಡು, ಒಂದೆರಡು ದಿನಗಳಲ್ಲೇ ಬಿತ್ತುವುದು ಒಳ್ಳೆಯದು. ಎರಡು ವಾರ ಕಳೆದರೆ ಮೊಳಕೆಯ ಆಸೆ ಬಿಡಬೇಕಾಗುತ್ತದೆ. ಗೊಬ್ಬರದ ಮಣ್ಣು ತುಂಬಿದ ಪಾಲಿಥೀನ್ ಚೀಲದಲ್ಲಿ ಒಂದು ಅಂಗುಲ ಆಳಕ್ಕೆ ಬೀಜ ಹಾಕಿ, ಮಣ್ಣು ಹಸಿಯಾಗಿರುವಂತೆ ನೋಡಿಕೊಳ್ಳಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆಗಳು ಎದ್ದರೆ ಗಾಬರಿಯಾಗಬೇಡಿ, ಇದು ಈ ಮರದ ಗುಣ. ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಚಿವುಟಿಬಿಡಿ. ಹೀಗೆ ಬೆಳೆಸಿದ ಸಸಿ ಮುಂದಿನ ವರ್ಷದ ಮುಂಗಾರಿಗೆ ನೆಲಕ್ಕೆ ಸಿದ್ಧವಾಗುತ್ತದೆ. ಈ ವರ್ಷವೇ ನೆಡಬೇಕೆಂದಿದ್ದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಸಸಿ ವಿಚಾರಿಸಿ. ಆದರೂ ಸಾಧ್ಯವಿದ್ದರೆ ಅಕ್ಕಪಕ್ಕದ ಊರಿನಲ್ಲಿ ಉಳಿದಿರುವ ಹಳೆಯ ಮರದ ಹಣ್ಣನ್ನೇ ತಂದು ಬಿತ್ತಿ ಎಂದು ನಾನು ಒತ್ತಾಯಿಸುತ್ತೇನೆ. ನಿಮ್ಮ ನೆಲದ ಮಳೆ ಬಿಸಿಲುಗಳಿಗೆ ನೂರು ವರ್ಷ ಹೊಂದಿಕೊಂಡ ತಳಿ ಅದು.

ಜಾಗದ ವಿಚಾರದಲ್ಲಿ ಎಚ್ಚರಿಕೆ ಬೇಕು. ಪಂಚಾಯಿತಿ ಕಟ್ಟಡದ ಮುಂದಿನ ಕಲ್ಲುಹಾಸು, ಬಸ್ಸು ನಿಲ್ಲುವ ಕಡೆ, ದೇವಸ್ಥಾನದ ಪ್ರಾಂಗಣ ಬೇಡ. ಹಣ್ಣಿನ ಕಾಲದಲ್ಲಿ ನೆಲವೆಲ್ಲ ಕಲೆಯಾಗಿ ಜಾರುತ್ತದೆ, ಆಮೇಲೆ ಜನರೇ ಮರವನ್ನು ಕಡಿಯಲು ಅರ್ಜಿ ಕೊಡುತ್ತಾರೆ. ಕೆರೆಯ ಏರಿಯ ಮೇಲೆಯೂ ನೆಡಬೇಡಿ, ಏರಿಯ ಮಣ್ಣಿನೊಳಗೆ ದೊಡ್ಡ ಬೇರು ಇಳಿಯುವುದು ಒಳ್ಳೆಯದಲ್ಲ. ಕೆರೆಗೆ ನೀರು ಬರುವ ಹಳ್ಳದ ಎರಡು ಬದಿ, ಗೋಮಾಳದ ತಗ್ಗು, ಶಾಲೆಯ ಆಟದ ಬಯಲಿನ ಹಿಂದಿನ ಅಂಚು, ಇವು ಯೋಗ್ಯವಾದ ಸ್ಥಳಗಳು. ಸಸಿಯಿಂದ ಸಸಿಗೆ ಮೂವತ್ತು ಅಡಿಗಳಿಗಿಂತ ಕಡಿಮೆ ಅಂತರ ಬೇಡ. ಆಡು ದನಗಳಿಂದ ಮೊದಲ ಮೂರು ವರ್ಷ ಕಾಪಾಡಲು ಮುಳ್ಳುಬೇಲಿ ಕಟ್ಟಬೇಕು, ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ನೀರು ಹೊಯ್ಯಬೇಕು. ಯಾರ ಮನೆಯವರು ಯಾವ ಸಸಿಗೆ ನೀರು ಹಾಕುತ್ತಾರೆಂಬುದನ್ನು ನೆಡುವ ದಿನವೇ ನಿರ್ಧರಿಸಿಕೊಳ್ಳಿ.

ಬೀಜದಿಂದ ಬೆಳೆದ ಮರ ಹಣ್ಣು ಬಿಡಲು ಎಂಟು ಹತ್ತು ವರ್ಷ ಬೇಕು. ಆಗ ಬಾವಲಿ, ಕೋಗಿಲೆ, ಪುನುಗು ಬೆಕ್ಕುಗಳು ಬೀಜವನ್ನು ತಾವೇ ಹಳ್ಳದುದ್ದಕ್ಕೂ ಒಯ್ಯುತ್ತವೆ. ಮಕ್ಕಳಿಗೆ ಒಂದು ಮಾತನ್ನು ಮಾತ್ರ ಈಗಲೇ ಹೇಳಿಡಿ: ನೇರಳೆಯ ಕೊಂಬೆ ನೋಡಲು ಗಟ್ಟಿಯಾಗಿ ಕಂಡರೂ ಲಟಕ್ಕನೆ ಮುರಿಯುತ್ತದೆ, ಆದ್ದರಿಂದ ಹಣ್ಣನ್ನು ಮರ ಹತ್ತಿ ಕೀಳಬಾರದು, ಕೆಳಗೆ ಹಳೆಯ ಸೀರೆಯನ್ನು ನಾಲ್ಕು ಜನ ಹಿಡಿದುಕೊಂಡು, ಉದ್ದನೆಯ ಗಳುವಿನಿಂದ ಕೊಂಬೆಯನ್ನು ಅಲುಗಾಡಿಸಿದರೆ ಸಾಕು.